ಕೋಸಿನ ಮನೆಯ ಔಟ್‌ಫೀಲ್ಡರ್

ನನ್ನ ನಾದಿನಿ ಮಂಗಳಗೌರಿ ಚೆಂಡು ಹಿಡಿದು ಸಂಬಳ ತೆಗೆದುಕೊಳ್ಳುತ್ತಾಳೆ ಅಂದಾಗ ದೊಡ್ಡಗಾಜನೂರಿನಲ್ಲಿ ಒಬ್ಬರೂ ನಂಬಲಿಲ್ಲ. ಚೆಂಡು ಹೊಡೆದರೆ ಸಂಬಳ ಕೊಡುತ್ತಾರೆ ಅನ್ನುವುದು ಅವರಿಗೆ ಗೊತ್ತು, ಟೀವಿಯಲ್ಲಿ ಕ್ರಿಕೆಟ್ ನೋಡಿದ್ದಾರೆ. ಆದರೆ ಎಲ್ಲರಿಗಿಂತ ಹಿಂದೆ, ಮೈದಾನದ ಕೊನೆಯಲ್ಲಿ, ಹುಲ್ಲಿನ ಮೇಲೆ ಒಬ್ಬಳೇ ನಿಂತು, ಬಂದರೆ ಹಿಡಿ ಬರದಿದ್ದರೆ ಸುಮ್ಮನೆ ನಿಂತುಕೋ ಅನ್ನುವ ಕೆಲಸಕ್ಕೂ ಸಂಬಳವಿದೆ ಅಂದರೆ ಯಾರು ತಾನೇ ನಂಬುತ್ತಾರೆ? ಪಕ್ಕದ ಮನೆಯ ಸಿದ್ದಯ್ಯಣ್ಣ ನನ್ನನ್ನು ದಾರಿಯಲ್ಲೇ ತಡೆದು ಕೇಳಿದರು.

"ಅಲ್ಲ ಕಣವ್ವ ಪರಿಮಳ, ಒಲ್ದಲ್ಲಿ ಅಕ್ಕಿ ಓಡ್ಸಕೆ ಬೆರ್ಚಪ್ಪನ್ನ ನಿಲ್ಸಿರ್ತೀವಲ್ಲ, ಅಂತದ್ದಾ ಇವ್ಳ ಕೆಲ್ಸ?"

"ಬೆರ್ಚಪ್ಪ ಓಡಲ್ಲ ಕಣಣ್ಣ. ಇವ್ಳು ಓಡ್ತಾಳೆ."

"ಅಂಗಾರೆ ವಾಸಿ ಬುಡು," ಅಂದು ಅವರು ತಮ್ಮ ಪಾಡಿಗೆ ಹೋದರು.

ನಾನು ಪಣಕಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಗೌರಿ ನನ್ನ ಗಂಡ ವೃಷಭೇಂದ್ರನ ತಂಗಿ. ನಾನು ಬಂದಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹಾಗಾಗಿ ಅವಳ ಬಗ್ಗೆ ಯಾರು ಏನಂದರೂ ಮೊದಲು ನನಗೇ ಚುರುಕ್ ಅನ್ನುತ್ತದೆ. ಅವಳನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ ಅಂದುಕೊಂಡಿದ್ದೇನೆ. ಆ ಹಕ್ಕನ್ನು ಬೇಕಾದಷ್ಟು ಬಳಸಿಯೂ ಇದ್ದೇನೆ.

ಅವಳ ಆಟ ಅರ್ಥವಾಗಬೇಕಾದರೆ ನಮ್ಮ ಮನೆಯಲ್ಲಿ ಕೋಸು ಲೋಡು ಮಾಡುವುದನ್ನು ನೋಡಬೇಕು. ನಮ್ಮ ಮಾವ ಪುಟ್ಟಬಸಪ್ಪ ಎಲೆಕೋಸು ಬೆಳೆಯುತ್ತಾರೆ. ಈ ತಾಳವಾಡಿ ಬೆಟ್ಟದ ಮೇಲೆ ಕೋಸು ಬೆಳೆಯುವವರಿಗೇನೂ ಬರವಿಲ್ಲ. ಆದರೆ ಕೆಳಗೆ ಮೆಟ್ಟುಪಾಳ್ಯದ ಮಂಡಿಯಲ್ಲಿ ನಮ್ಮ ಮಾವನ ಲಾರಿ ಬಂತು ಅಂದರೆ ವ್ಯಾಪಾರಿಗಳು ಒಂದು ಕೋಸನ್ನೂ ಕೊಯ್ದು ನೋಡದೆ ಇಳಿಸಿಕೊಳ್ಳುತ್ತಾರೆ. ಮೂಟೆ ಕಟ್ಟಿದರೆ ಕೋಸಿಗೆ ಉಸಿರು ಕಟ್ಟುತ್ತದೆ ಅನ್ನುವುದು ಮಾವನ ನಂಬಿಕೆ, ಅದಕ್ಕೇ ಲಾರಿಗೆ ಬಿಡಿಬಿಡಿಯಾಗಿ ತುಂಬುವುದು. ಹೆಂಗಸರು ಕೊಯ್ದು ಹೊರಗಿನ ಎಲೆ ಸವರಿ ಗುಡ್ಡೆ ಹಾಕುತ್ತಾರೆ. ಕೆಳಗಿನಿಂದ ಒಬ್ಬರು ಎಸೆಯುತ್ತಾರೆ, ಲಾರಿಯ ಮೇಲೆ ನಿಂತವರು ಹಿಡಿದು, ಬಗ್ಗಿ ಜೋಡಿಸಿ, ಮತ್ತೆ ಎದ್ದು ಕೈ ಚಾಚುತ್ತಾರೆ. ಅಷ್ಟರಲ್ಲಿ ಇನ್ನೊಂದು ಗಾಳಿಯಲ್ಲಿರುತ್ತದೆ. ಕತ್ತಲಾಗುವ ಮೊದಲು ಲಾರಿ ದಿಂಬಂ ಘಾಟಿನ ಗೇಟು ದಾಟಬೇಕು, ಇಲ್ಲದಿದ್ದರೆ ಕಾಡಿನ ದಾರಿ ಮುಚ್ಚುತ್ತಾರೆ. ಆದ್ದರಿಂದ ಈ ಎಸೆತ ಯಾರಿಗಾಗಿಯೂ ನಿಲ್ಲುವುದಿಲ್ಲ. ಹಿಡಿಯುವವಳಿಗೆ ಸೀನು ಬಂದರೂ ನಿಲ್ಲುವುದಿಲ್ಲ.

ನಮ್ಮ ಮನೆಯಲ್ಲಿ ಎಸೆಯುವವರು ಮಾವ, ಹಿಡಿಯುವವಳು ಗೌರಿ. ಅವಳ ಅಣ್ಣನಿಗೆ ಆ ಕೆಲಸ ಬರಲಿಲ್ಲ. ನನ್ನ ಗಂಡ ಒಳ್ಳೆಯವರು, ಆದರೆ ಅವರ ಕೈಗೆ ಬಂದದ್ದು ಕೈಯಲ್ಲಿ ಉಳಿಯುವುದಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಈ ಕೆಲಸಕ್ಕೆ ಒಂದೇ ಒಂದು ಕಟ್ಟಳೆ. ಬಿದ್ದ ಕೋಸಿನ ಕಡೆ ತಿರುಗಿ ನೋಡಬಾರದು. ಎತ್ತುವುದಂತೂ ದೂರದ ಮಾತು. ಬಿದ್ದ ಕೋಸು ಮೇಲೆ ಚೆನ್ನಾಗಿ ಕಂಡರೂ ಒಳಗೆ ನೊಂದಿರುತ್ತದೆ, ಮಂಡಿ ಮುಟ್ಟುವಷ್ಟರಲ್ಲಿ ತಾನೂ ಕೊಳೆತು ಅಕ್ಕಪಕ್ಕದವನ್ನೂ ಕೊಳೆಸುತ್ತದೆ. ಅದು ಹಸುವಿನ ಪಾಲು. ಅದಲ್ಲದೆ, ಬಿದ್ದದ್ದನ್ನು ನೋಡುತ್ತಾ ನಿಂತರೆ ಮುಂದಿನದು ಬಂದು ಮೂತಿಗೆ ಬಡಿಯುತ್ತದೆ. ಗೌರಿಯನ್ನು ಮೊದಲ ಸಲ ಲಾರಿ ಹತ್ತಿಸಿದ ದಿನ ಅವಳು ಒಂದನ್ನು ಬಿಟ್ಟು ಬಗ್ಗಿ ನೋಡಿದಳಂತೆ. ಮುಂದಿನದು ಕಿವಿಗೆ ಬಿತ್ತಂತೆ. ಆಗ ಮಾವ ಹೇಳಿದ್ದು ಇಷ್ಟೇ: "ಬಿದ್ದದ್ದ ನೋಡ್ಬ್ಯಾಡ, ಅಸ ತಿನ್ಕತದೆ. ನೀ ಮ್ಯಾಲ್ ನೋಡು." ಅಂದಿನಿಂದ ಕೋಸು ಕೈ ತಪ್ಪಿದರೆ ಅವಳ ಕಣ್ಣು ತಾನಾಗಿ ಮೇಲಕ್ಕೆ ಹೋಗುವುದು ರೂಢಿಯಾಯಿತು.

ಸತ್ಯಮಂಗಲದ ಕಾಲೇಜಿಗೆ ಸೇರಿದಾಗ ಅಲ್ಲಿಯ ಆಟದ ಮೇಡಂ ಒಬ್ಬರಿಗೆ ಬೇಸ್‌ಬಾಲಿನ ಹುಚ್ಚು. ಟೀಮಿಗೆ ಒಂಬತ್ತು ಜನ ಬೇಕು, ಒಬ್ಬಳು ಜ್ವರ ಬಂದು ಮಲಗಿದ್ದಳು. ಬಟ್ಟೆ ಒಣಹಾಕಿ ಹಾಸ್ಟೆಲಿಗೆ ಹೋಗುತ್ತಿದ್ದ ಗೌರಿಯನ್ನು ಕರೆದು ಹಿಂದುಗಡೆ ನಿಲ್ಲಿಸಿದರು. ಯಾರೋ ಜೋರಾಗಿ ಹೊಡೆದ ಚೆಂಡು ಅವಳ ಕಡೆ ಬಂತು. ಇವಳು ಬಕೆಟ್ಟು ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ, ಬರಿಗೈಯಲ್ಲಿ ಹಿಡಿದು ಹೊಟ್ಟೆಗೆ ಅಪ್ಪಿಕೊಂಡಳು. ಕೈ ನೋಯಲಿಲ್ಲವಾ ಅಂತ ಮೇಡಂ ಕೇಳಿದ್ದಕ್ಕೆ, "ಇಲ್ಲ ಮೇಡಂ, ಅಗುರವಾಗಿತ್ತು," ಅಂದಳಂತೆ. ಬೇಸ್‌ಬಾಲು ಕಲ್ಲಿನಷ್ಟು ಗಟ್ಟಿ, ಅದನ್ನು ಹಗುರ ಅಂದ ಹುಡುಗಿಯನ್ನು ಮೇಡಂ ಮತ್ತೆ ಬಿಡಲೇ ಇಲ್ಲ.

ಆಮೇಲೆ ಒಂದಾದ ಮೇಲೊಂದು ಬಂತು. ಜಿಲ್ಲೆ, ರಾಜ್ಯ, ರೈಲು, ಟ್ರ್ಯಾಕ್ ಸೂಟು. ಕೊನೆಗೆ ಚೆನ್ನೈಯಲ್ಲಿ ಯಾರೋ ದುಡ್ಡಿದ್ದವರು ಸೇರಿ ಹೆಂಗಸರ ಬೇಸ್‌ಬಾಲಿಗೆ ಒಂದು ಲೀಗು ಶುರು ಮಾಡಿದರು. ಸಂಬಳ ಕೊಟ್ಟು ಹುಡುಗಿಯರನ್ನು ಆಡಿಸುವುದು ಅದೇ ಮೊದಲು ಅಂತ ಅವರೇ ಹೇಳಿಕೊಂಡರು. ಗೌರಿಯನ್ನು ತೆಗೆದುಕೊಂಡ ಟೀಮಿನ ಹೆಸರು ಅಲೈ, ಅಂದರೆ ಅಲೆ. ಸಮುದ್ರವನ್ನೇ ನೋಡದ ಬೆಟ್ಟದ ಹುಡುಗಿ ಎದೆಯ ಮೇಲೆ ಅಲೆಯ ಚಿತ್ರ ಹಾಕಿಕೊಂಡು ಫೋಟೋ ಕಳಿಸಿದಳು. ನಾನು ಅದನ್ನು ಪಣಕಹಳ್ಳಿಯ ನನ್ನ ತವರಿಗೆಲ್ಲ ಕಳಿಸಿ, ಯಾರೂ ಏನೂ ಹೇಳದಿದ್ದಾಗ ಫೋನ್ ಮಾಡಿ "ನೋಡುದ್ರಾ?" ಅಂತ ಕೇಳಿದೆ.

ಟೀಮಿನವರು ಕೊಟ್ಟ ಚರ್ಮದ ಗ್ಲೌಸನ್ನು ಅವಳು ಒಮ್ಮೆ ಮನೆಗೆ ತಂದಿದ್ದಳು. ನಮ್ಮತ್ತೆ ಪುಟ್ಟಮಲ್ಲಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನವ್ವ, ಕೈಗೆ ಇಷ್ಟ್ ದಪ್ಪದ ಕೆರ," ಅಂದರು. ಹಸುವಿನ ಚರ್ಮದ್ದು ಅಂತ ಗೊತ್ತಾದ ಮೇಲೆ ಲಿಂಗಪೂಜೆ ಮಾಡುವ ಮನೆಯೊಳಗೆ ಅದಕ್ಕೆ ಜಾಗವಿಲ್ಲ ಅಂತ ತೀರ್ಮಾನವಾಯಿತು. ಕೊಟ್ಟಿಗೆಯ ಮೊಳೆಗೆ ನೇತುಹಾಕಿದರು. ಹಸುವಿನ ಚರ್ಮವನ್ನು ಹಸುವಿನ ಮುಂದೆಯೇ ನೇತುಹಾಕುವುದು ಯಾವ ನ್ಯಾಯ ಅಂತ ನಾನು ಕೇಳಬೇಕೆಂದಿದ್ದೆ. ಅತ್ತೆಯ ಮುಖ ನೋಡಿ ಒಲೆಯ ಕಡೆ ಹೋದೆ.

ಲೀಗಿನ ಮೊದಮೊದಲ ಪಂದ್ಯಗಳಲ್ಲಿ ಅವಳ ಕಡೆ ಚೆಂಡೇ ಬರಲಿಲ್ಲ. ಫೋನಿನಲ್ಲಿ ಪಂದ್ಯ ತೋರಿಸುತ್ತಿದ್ದರು, ನಾವು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆವು. ದೂರದಲ್ಲಿ ಹುಲ್ಲಿನ ಮೇಲೆ ಒಂದು ಚುಕ್ಕೆ ಕಂಡರೆ ಅದೇ ಗೌರಿ. ಬೆರ್ಚಪ್ಪನ ಮಾತು ನಿಜವಾಯಿತೇನೋ ಅಂತ ನನಗೂ ಅನ್ನಿಸತೊಡಗಿತ್ತು.

ನಾಲ್ಕನೆಯದೋ ಐದನೆಯದೋ ಪಂದ್ಯದಲ್ಲಿ ಚೆಂಡು ಬಂತು. ಎತ್ತರಕ್ಕೆ, ನಿಧಾನಕ್ಕೆ, ಹಿಡಿಯಲು ಹೇಳಿ ಮಾಡಿಸಿದಂತೆ ಬಂತು. ಎದುರು ಟೀಮಿನ ಮೂವರು ಆಗಲೇ ಮೂರು ಮೂಲೆಯಲ್ಲಿ ನಿಂತಿದ್ದರು. ಈ ಆಟದಲ್ಲಿ ನಾಲ್ಕು ಮೂಲೆ, ಹೊರಟ ಮೂಲೆಗೆ ಮನೆ ಅನ್ನುತ್ತಾರೆ, ಸುತ್ತು ಹಾಕಿ ಬಂದು ಅದನ್ನು ಮುಟ್ಟಿದರೆ ಒಂದು ಓಟ. ಗೌರಿ ಚೆಂಡಿನ ಕೆಳಗೆ ಹೋಗಿ ನಿಂತಳು. ಚೆಂಡು ಗ್ಲೌಸಿಗೆ ಬಿತ್ತು, ಗ್ಲೌಸಿನಿಂದ ಜಾರಿತು, ಅವಳ ಕಾಲ ಬುಡದಲ್ಲೇ ಹುಲ್ಲಿಗೆ ಬಿತ್ತು.

ಬೀಳಲಿ, ಎಂಥವರ ಕೈಯಿಂದಲೂ ಬೀಳುತ್ತದೆ. ಆದರೆ ನನ್ನ ನಾದಿನಿ ಮಾಡಿದ್ದೇನು? ಬಿದ್ದ ಚೆಂಡಿನ ಕಡೆ ನೋಡಲೂ ಇಲ್ಲ. ಎರಡೂ ಕೈ ಚಾಚಿ, ಮಂಡಿ ಸ್ವಲ್ಪ ಬಗ್ಗಿಸಿ, ಮುಖ ಮೇಲಕ್ಕೆತ್ತಿ ಮುಂದಿನದಕ್ಕೆ ಕಾದು ನಿಂತಳು.

ಮುಂದಿನದು ಎಲ್ಲಿಂದ ಬರಬೇಕು? ಇರುವುದು ಒಂದೇ ಚೆಂಡು, ಅದು ಕಾಲ ಹತ್ತಿರ ಬಿದ್ದಿದೆ. ಎದುರಿನವರು ಒಬ್ಬರ ಹಿಂದೊಬ್ಬರು ಸುತ್ತು ಮುಗಿಸಿದರು. ಗೌರಿಯಂತೆಯೇ ಹಿಂದೆ ನಿಲ್ಲುವ ಮಧ್ಯದ ಔಟ್‌ಫೀಲ್ಡರ್ ಹುಡುಗಿ ಅಷ್ಟು ದೂರದಿಂದ ಕಿರುಚುತ್ತಾ ಓಡಿ ಬಂದು ಚೆಂಡು ಎತ್ತುವ ಹೊತ್ತಿಗೆ ಎಲ್ಲರೂ ಮನೆ ಮುಟ್ಟಿ ಕೈಕೈ ತಟ್ಟಿಕೊಳ್ಳುತ್ತಿದ್ದರು. ಗೌರಿ ಇನ್ನೂ ಆಕಾಶ ನೋಡುತ್ತಿದ್ದಳು.

ಅವಳು ಏನು ಮಾಡುತ್ತಿದ್ದಾಳೆ ಅಂತ ಇಡೀ ಚೆನ್ನೈಗೆ ಅರ್ಥವಾಗಿರಲಿಕ್ಕಿಲ್ಲ, ನಮಗೆ ಚೆನ್ನಾಗಿ ಅರ್ಥವಾಯಿತು. ಸಿದ್ದಯ್ಯಣ್ಣ ಮೆಲ್ಲಗೆ, "ಅಯ್ಯೋ ಶಿವ್ನೆ, ಲಾರಿ ಮ್ಯಾಲ್ ನಿಂತಿದ್ದೀನಿ ಅನ್ಕಬುಟ್ಟವಳೆ," ಅಂದರು. ಮಾವ ಎದ್ದು ಹೊಲದ ಕಡೆ ಹೋದರು.

ಆ ಪಂದ್ಯ ಸೋತರು. ಮರುದಿನ ಯಾರೋ ಆ ತುಣುಕಿಗೆ ದೇವಸ್ಥಾನದ ಗಂಟೆಯ ಸದ್ದು ಸೇರಿಸಿ, ಹುಡುಗಿ ಮಳೆ ಬೇಡುತ್ತಿದ್ದಾಳೆ ಅಂತ ತಮಿಳಿನಲ್ಲಿ ಬರೆದು ಬಿಟ್ಟರು. ಜೀರಹಳ್ಳಿಯಿಂದ ಹಿಡಿದು ಈರೋಡಿನವರೆಗೆ ಎಲ್ಲರ ಫೋನಿನಲ್ಲೂ ಅದೇ. ತಾಳವಾಡಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವಳೇ ಅದನ್ನು ನೋಡಿ ನಗುತ್ತಾ ನನಗೂ ತೋರಿಸಿದಳು. "ನಮ್ಮನೆ ಮಗಳು ಕಣಮ್ಮ ಅದು," ಅಂದೆ. ಅವಳು ಇಳಿಯುವವರೆಗೂ ಕಿಟಕಿಯ ಕಡೆಯೇ ತಿರುಗಿದ್ದಳು.

ಅದಾದ ವಾರಕ್ಕೆ ಗೌರಿ ಮನೆಗೆ ಬಂದಳು. ಪಂದ್ಯಗಳಿಗೆ ಮಧ್ಯೆ ಬಿಡುವಿತ್ತು. ಟೀಮಿಗೆ ಆಟ ಕಲಿಸುವ ಕೋಚು, ನಮ್ಮ ಬಾಯಲ್ಲಿ ಕೋಚಮ್ಮ, ಅವಳನ್ನು ಕೂರಿಸಿ ಹೇಳಿದ್ದರಂತೆ: ಚೆಂಡು ಬಿಟ್ಟದ್ದಕ್ಕೆ ನನಗೆ ಕೋಪವಿಲ್ಲ, ಬಿಟ್ಟ ಮೇಲೆ ನಿಂತದ್ದಕ್ಕೆ ಕೋಪ. ಆ ಚಾಳಿ ಹೋದರೆ ವಾಪಸ್ಸು ಬಾ, ಹೋಗದಿದ್ದರೆ ನಿನ್ನ ಜಾಗಕ್ಕೆ ಬೇರೆ ಹುಡುಗಿ ಇದ್ದಾಳೆ. ಅಲ್ಲಿ ಅಭ್ಯಾಸದಲ್ಲೂ ಮತ್ತೆರಡು ಸಲ ಹಾಗೇ ಆಯಿತಂತೆ. ಒಲೆಯ ಮುಂದೆ ಕುಳಿತು ಇದನ್ನೆಲ್ಲ ಹೇಳುತ್ತಾ ಅವಳು ಅತ್ತಳು.

"ನಂಗೆ ಗೊತ್ತು ಅತ್ಗೆ, ಎತ್ಬೇಕು ಅಂತ ಗೊತ್ತು. ಆದ್ರೆ ಕೈ ತಪ್ಪುತ್ಲೂವೆ ಕಣ್ಣು ಮ್ಯಾಕೆ ಓಯ್ತದೆ. ನಾನ್ ಕಳಿಸ್ದೆಯೇ ಓಯ್ತದೆ. ಆ ಜಾಗ ಓದ್ರೆ ನಾನ್ ಏನ್ ಮಾಡ್ಲಿ?"

ಅವಳಿಗೆ ಸಂಬಳದ ಚಿಂತೆಯಿರಲಿಲ್ಲ, ಅದು ನನಗೆ ಗೊತ್ತಿತ್ತು. ಆ ಹುಲ್ಲಿನ ಕೊನೆಯ ಜಾಗ ಅವಳಿಗೆ ಬೇಕಾಗಿತ್ತು. ಬೇರೆಯವರಿಗೆ ಬೆರ್ಚಪ್ಪನ ಜಾಗದಂತೆ ಕಂಡದ್ದು ಅವಳಿಗೆ ಜೀವವಾಗಿತ್ತು. ನನಗೂ ಅಳು ಬಂತು, ಆದರೆ ಇಬ್ಬರೂ ಅತ್ತರೆ ಮುದ್ದೆ ತಿರುವುವವರು ಯಾರು ಅಂತ ತಡೆದುಕೊಂಡೆ.

ಮರುದಿನದಿಂದ ಚಾಳಿ ಬಿಡಿಸುವ ಕೆಲಸ ನಾನೇ ಕೈಗೆತ್ತಿಕೊಂಡೆ. ಸಂಜೆ ಹೊತ್ತು ಕೊಟ್ಟಿಗೆಯ ಮುಂದೆ ಅವಳನ್ನು ನಿಲ್ಲಿಸಿ, ಹಸುವಿಗೆಂದು ಬಿಟ್ಟ ಕೋಸುಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಎಸೆಯುವುದು, ಬಿದ್ದದ್ದನ್ನು ಅವಳು ಎತ್ತಿ ನನ್ನ ಕುಕ್ಕೆಗೆ ಎಸೆಯುವುದು. ಅವಳು ಚೆನ್ನಾಗಿಯೇ ಎತ್ತಿದಳು. ತಪ್ಪೇ ಮಾಡಲಿಲ್ಲ. ನನಗೆ ಬಹಳ ಖುಷಿಯಾಯಿತು. ನನ್ನ ಗಂಡ ಹಲ್ಲುಕಡ್ಡಿ ಕಚ್ಚಿಕೊಂಡು ನೋಡುತ್ತಿದ್ದವರು ನನ್ನ ಖುಷಿಗೆ ತಣ್ಣೀರು ಎರಚಿದರು.

"ಇಲ್ಲಿ ಎತ್ತುತ್ತಾಳೆ ಬುಡು. ಇಲ್ಲಿ ಇಂದ್ಗಡೆ ಇನ್ನೊಂದು ಬರಲ್ಲ ಅಂತ ಅವ್ಳಿಗ್ ಗೊತ್ತದೆ. ಲಾರಿ ಮ್ಯಾಲ್ ನಿಲ್ಸಿ ನೋಡು, ಆಗ ತಿಳೀತದೆ."

ಅವರು ಬಾಯಿ ಬಿಡುವುದು ಅಪರೂಪ, ಬಿಟ್ಟಾಗ ಸರಿಯಾಗಿಯೇ ಬಿಡುತ್ತಾರೆ. ಇದು ಇನ್ನೂ ಸಿಟ್ಟು ಬರಿಸುವ ವಿಷಯ. ಶುಕ್ರವಾರ ಲೋಡು ಇತ್ತು. ಅದರ ಹಿಂದಿನ ದಿನ ನಾನು ಧೈರ್ಯ ಮಾಡಿ ಮಾವನ ಮುಂದೆ ನಿಂತೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಮಾವ, ನಾಳೆ ಲೋಡಲ್ಲಿ ಬಿದ್ದುದ್ದ ಗೌರಿ ಇಳ್ದು ಎತ್ಲಿ. ಒಂದಷ್ಟು ಸಲ ಮಾತ್ರವೇಯ. ಅವ್ಳು ಎತ್ತಾಗಂಟ ನೀವು ಎಸೀದೆ ನಿಂತ್ಗಳಿ."

"ಎತ್ತಿ?"

"ಎತ್ತಿ ಅಸೀನ್ ಗುಡ್ಡೆಗೇ ಆಕ್ತಾಳೆ. ಲಾರಿಗ್ ಬ್ಯಾಡ."

"ಲೋಡು ನಿಂತ್ರೆ ಗೇಟು ಯಾರು ತಗ್ಸಾರು, ನಿಮ್ಮಪ್ಪನಾ?"

ಅಷ್ಟೇ. ನಮ್ಮಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಅದು ಅವರಿಗೂ ಗೊತ್ತು. ಆ ರಾತ್ರಿ ಅವರ ಹಾಲಿಗೆ ಬೆಲ್ಲ ಹಾಕುವುದನ್ನು ನಾನು ಮರೆತೆ. ಅವರು ಕೇಳಲೂ ಇಲ್ಲ.

ಶುಕ್ರವಾರ ಮನೋಹರ ಲಾರಿ ತಂದು ಹೊಲದ ಬದಿಗೆ ನಿಲ್ಲಿಸಿದ. ಅವನು ಜೀರಹಳ್ಳಿಯವನು, ಗಡಿಯಾರ ನೋಡುವುದೇ ಅವನ ಮುಖ್ಯ ಕಸುಬು, ಲಾರಿ ಓಡಿಸುವುದು ಆಮೇಲಿನದು. ಗೌರಿ ಮೇಲೆ ಹತ್ತಿದಳು. ಮಾವ ಪಂಚೆ ಎತ್ತಿ ಕಟ್ಟಿ ಎಸೆಯತೊಡಗಿದರು. ಎಡಗೈಯಿಂದ ಎತ್ತಿ ಬಲಗೈಗೆ, ಬಲಗೈಯಿಂದ ಮೇಲಕ್ಕೆ. ಅವರು ಎಸೆದರೆ ಕೋಸು ಹಿಡಿಯುವವಳ ಅಂಗೈಗೇ ಹೋಗಿ ಕೂರುತ್ತದೆ. ಅರ್ಧ ಲಾರಿ ತುಂಬುವವರೆಗೆ ಒಂದೂ ಬೀಳಲಿಲ್ಲ. ಈ ಮನುಷ್ಯ ಹಟಕ್ಕೆ ಬಿದ್ದು ಸರಿಯಾಗಿ ಎಸೆಯುತ್ತಿದ್ದಾರೆ ಅಂತ ನಾನು ಎಲೆ ಸವರುತ್ತಾ ಒಳಗೊಳಗೇ ಕುದಿಯುತ್ತಿದ್ದೆ.

ಆಗ ಒಂದು ಕೋಸು ಗಿಡ್ಡವಾಗಿ ಹೋಯಿತು. ಲಾರಿಯ ಪಕ್ಕದ ಪಟ್ಟಿಗೆ ಬಡಿದು ಕೆಳಗೆ ಉರುಳಿತು. ನಮ್ಮ ಮಾವನ ಕೈಯಿಂದ ಗಿಡ್ಡ ಎಸೆತ ಬಂದದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿರಲಿಲ್ಲ. ಗೌರಿ ಅದರ ಕಡೆ ನೋಡಲಿಲ್ಲ. ಕೈ ಚಾಚಿ ಮುಖ ಮೇಲೆತ್ತಿ ನಿಂತಳು, ಆ ಹಾಳು ವೀಡಿಯೋದಲ್ಲಿ ನಿಂತ ಹಾಗೆಯೇ.

ಮುಂದಿನದು ಬರಲಿಲ್ಲ. ಮಾವ ಮುಂದಿನ ಕೋಸನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಎಲೆ ಸವರುತ್ತಿದ್ದ ಹೆಂಗಸರು ತಲೆಯೆತ್ತಿದರು. ಸಿದ್ದಯ್ಯಣ್ಣ ಬೀಡಿ ಬಾಯಿಂದ ತೆಗೆದರು. ಮನೋಹರ, "ಯಾಕ್ ಗೌಡ್ರೇ ನಿಂತ್ರಿ, ಗೇಟು," ಅಂತ ಶುರು ಮಾಡಿದ. ಮಾವ ಅವನ ಕಡೆ ತಿರುಗಲಿಲ್ಲ.

"ಎತ್ಗ," ಅಂದರು ಗೌರಿಗೆ.

ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಧುಮುಕಿದಳು, ಎತ್ತಿದಳು, ಹಸುವಿನ ಗುಡ್ಡೆಗೆ ಬೀಸಿದಳು, ಮತ್ತೆ ಹತ್ತಿದಳು. ಮಾವ ಹತ್ತಿಪ್ಪತ್ತು ಸರಿಯಾಗಿ ಎಸೆದು ಮತ್ತೊಂದನ್ನು ಹಾಳು ಮಾಡಿದರು. ಯಾವಾಗ ಹಾಳು ಮಾಡುತ್ತಾರೆ ಅಂತ ಅವಳಿಗೆ ಗೊತ್ತಾಗುವಂತಿರಲಿಲ್ಲ. ಮೊದಮೊದಲು ಕಣ್ಣು ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು, ಮಾವ ಕಾಯುತ್ತಿದ್ದರು. ಕೊನೆಕೊನೆಗೆ ಕೋಸು ನೆಲ ಮುಟ್ಟುವ ಮೊದಲೇ ಅವಳು ಲಾರಿಯಿಂದ ಕೆಳಗಿರುತ್ತಿದ್ದಳು. ಅವತ್ತು ನಮ್ಮ ಹಸು ತಿಂದ ಹಾಗೆ ಆ ಬೆಟ್ಟದಲ್ಲಿ ಯಾವ ಹಸುವೂ ತಿಂದಿರಲಾರದು. ಲಾರಿಗೆ ಗೇಟು ತಪ್ಪಿತು. ಮನೋಹರ ನಮ್ಮ ಜಗಲಿಯಲ್ಲೇ ಮಲಗಿ, ಬೆಳಗಾಗುವವರೆಗೂ ಗೊಣಗಿ, ಬಿಸಿ ಮುದ್ದೆಗೆ ಉಪ್ಪುಸಾರು ಹಾಕಿಕೊಂಡು ಉಂಡು ಹೋದ. ನಾನು ಮಾವನ ಹಾಲಿಗೆ ಎರಡು ಅಚ್ಚು ಬೆಲ್ಲ ಹಾಕಿದೆ. ಅವರು ಒಂದು ಗುಟುಕು ಕುಡಿದು, ಇದೇನು ಪಾನಕವಾ ಅಂತ ಕೇಳಿದರು.

ಗೌರಿ ವಾಪಸ್ಸು ಹೋದಳು. ಕೋಚಮ್ಮ ಒಂದೆರಡು ಪಂದ್ಯ ಬೆಂಚಿನ ಮೇಲೆ ಕೂರಿಸಿ ಆಮೇಲೆ ಇಳಿಸಿದರು. ನಾವೆಲ್ಲ ಜಗಲಿಯಲ್ಲಿ. ಮಾವ ಮಾತ್ರ ಅಂಗಳದಲ್ಲಿ ಕುಳಿತು ಮಚ್ಚು ಮಸೆಯುತ್ತಿದ್ದರು. ಆ ಮಚ್ಚು ಹಿಂದಿನ ದಿನವೇ ಮಸೆದದ್ದು.

ಪಂದ್ಯದ ಕೊನೆಯ ಸುತ್ತು. ನಮ್ಮವರು ಒಂದೇ ಒಂದು ಓಟದಿಂದ ಮುಂದಿದ್ದರು, ಇನ್ನೊಬ್ಬಳು ಔಟಾದರೆ ಪಂದ್ಯ ನಮ್ಮದು. ಎದುರಿನವರ ಒಬ್ಬಳು ಎರಡನೆಯ ಮೂಲೆಯಲ್ಲಿ ನಿಂತಿದ್ದಳು, ಅವಳು ಮನೆ ಮುಟ್ಟಿದರೆ ಸಮ. ಹೊಡೆದ ಚೆಂಡು ಗೌರಿಯ ಎಡಕ್ಕೆ ಬಂತು. ಓಡಿದಳು, ಓಡುತ್ತಲೇ ಮೈ ಚೆಲ್ಲಿ ಬಿದ್ದಳು. ಚೆಂಡು ಗ್ಲೌಸಿನ ತುದಿಗೆ ಸಿಕ್ಕಿತು, ಅವಳು ನೆಲಕ್ಕೆ ಬಡಿದ ರಭಸಕ್ಕೆ ಹೊರಗೆ ಹಾರಿ ಹುಲ್ಲಿನಲ್ಲಿ ಉರುಳಿತು.

"ಓಯ್ತು," ಅಂದರು ನಮ್ಮತ್ತೆ.

ಈಗ ನೋಡಿ, ಆ ವೀಡಿಯೋ ನೋಡಿದವರು ನಾವೊಬ್ಬರೇ ಅಲ್ಲ. ಎರಡನೆಯ ಮೂಲೆಯ ಹುಡುಗಿಯೂ ನೋಡಿದ್ದಳು. ಗೌರಿಯ ಕೈಯಿಂದ ಚೆಂಡು ಬಿದ್ದದ್ದು ಕಂಡದ್ದೇ ತಡ, ಇನ್ನು ಇವಳು ಆಕಾಶ ನೋಡುತ್ತಾಳೆ ಅಂದುಕೊಂಡು ಓಟ ನಿಧಾನ ಮಾಡಿದಳು. ನಗುತ್ತಾ, ತನ್ನವರ ಕಡೆ ಕೈ ಬೀಸುತ್ತಾ, ಸಂತೆಗೆ ಹೊರಟವಳಂತೆ ಮೂರನೆಯ ಮೂಲೆ ತಿರುಗಿದಳು. ಗೌರಿ ಮೊಣಕಾಲ ಮೇಲೇ ತೆವಳಿ ಚೆಂಡಿಗೆ ಕೈ ಹಾಕಿದಳು. ಎದ್ದಳೋ ಏಳಲಿಲ್ಲವೋ, ಎಸೆದಳು. ಅಪ್ಪನ ಎಸೆತ ಅದು, ಹಿಡಿಯುವವಳ ಅಂಗೈಗೆ ಹೋಗಿ ಕೂರುವ ಎಸೆತ. ಮನೆ ಮೂಲೆಯಲ್ಲಿ ಕುಳಿತ ಹುಡುಗಿ ಹಿಡಿದಳು, ನಗುತ್ತಾ ಬರುತ್ತಿದ್ದವಳ ಹೊಟ್ಟೆಗೆ ಮುಟ್ಟಿಸಿದಳು. ಔಟು.

ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತಿದ್ದೆವು. ಸಿದ್ದಯ್ಯಣ್ಣ ನನ್ನ ಗಂಡನನ್ನು ತಬ್ಬಿಕೊಂಡಿದ್ದರು. ನಾನು ಅಂಗಳದ ಕಡೆ ತಿರುಗಿ, "ಮಾವ, ಎತ್ತುದ್ಲು," ಅಂದೆ. ಅವರು ಮಚ್ಚಿನ ಅಲಗನ್ನು ಹೆಬ್ಬೆರಳಿನಿಂದ ನೋಡುತ್ತಾ, "ಎತ್ದೆ ಏನು," ಅಂದರು. ಆದರೆ ಬೆರಳು ಕುಯ್ದುಕೊಂಡಿದ್ದರು, ರಕ್ತ ಬಂದದ್ದೇ ಅವರಿಗೆ ಗೊತ್ತಿರಲಿಲ್ಲ.

ಗೌರಿ ಎರಡು ವರ್ಷ ಆಡಿದಳು. ತಾಳವಾಡಿ ಬಸ್ ಸ್ಟ್ಯಾಂಡಿನಲ್ಲಿ ಅವಳ ಫ್ಲೆಕ್ಸ್ ಹಾಕಿದರು, ಅದರಲ್ಲಿ ಅವಳಿಗಿಂತ ಹಾಕಿಸಿದವರ ಫೋಟೋ ದೊಡ್ಡದಿತ್ತು. ಅವಳ ಕಡೆ ಹೊಡೆದರೆ ಓಡುವುದು ಕಷ್ಟ ಅಂತ ಬೇರೆ ಟೀಮಿನವರು ಬೇರೆ ಕಡೆ ಹೊಡೆಯಲು ಶುರು ಮಾಡಿದರಂತೆ. ಹಾಗಾಗಿ ಚೆನ್ನಾಗಿ ಆಡುತ್ತಾ ಹೋದಂತೆ ಅವಳಿಗೆ ಕೆಲಸವೇ ಕಡಿಮೆಯಾಯಿತು. ಬೆರ್ಚಪ್ಪನ ಕೆಲಸವೂ ಇಷ್ಟೇ ತಾನೇ, ಹಕ್ಕಿ ಬರದಿದ್ದರೆ ಅವನು ಗೆದ್ದ ಹಾಗೆ ಅಂತ ನಾನು ಸಿದ್ದಯ್ಯಣ್ಣನಿಗೆ ಹೇಳಿದೆ. ಅವರಿಗೆ ಈ ಮಾತು ಬಹಳ ಹಿಡಿಸಿ, ತಮ್ಮದೇ ಮಾತು ಅನ್ನುವಂತೆ ಊರಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಮೂರನೆಯ ವರ್ಷ ಲೀಗು ನಡೆಯಲಿಲ್ಲ. ದುಡ್ಡು ಹಾಕಿದವರು ಕೈ ಎತ್ತಿದರು. ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು, ಅದರ ಕೊನೆಯಲ್ಲಿ ಕೈಮುಗಿದ ಚಿತ್ರ. ಅಷ್ಟಕ್ಕೆ ಎಲ್ಲ ಮುಗಿಯಿತು. ಗೌರಿ ಬ್ಯಾಗು ಹೊತ್ತು ಬಂದು, ಯಾರೂ ಹೇಳದೆಯೇ ಗ್ಲೌಸನ್ನು ಕೊಟ್ಟಿಗೆಯ ಮೊಳೆಗೆ ಹಾಕಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮನೆ ಗುಡಿಸುತ್ತಿದ್ದಳು, ನೀರು ತರುತ್ತಿದ್ದಳು, ನಾನು ಬೈದರೂ ಎದುರು ಮಾತಾಡುತ್ತಿರಲಿಲ್ಲ. ಎದುರು ಮಾತಾಡದ ನಾದಿನಿಯನ್ನು ಇಟ್ಟುಕೊಂಡು ಏನು ಮಾಡುವುದು?

ಕೋಚಮ್ಮ ಕೊಯಮತ್ತೂರಿನಲ್ಲಿ ಬೇರೆ ಟೀಮು ಕಟ್ಟುತ್ತಿದ್ದರು. ಸಂಬಳವಿಲ್ಲ, ಊಟ ಮತ್ತು ಜಾಗ ಮಾತ್ರ, ಆದರೂ ಆಟ. ದಿನಾ ಗೌರಿಗೆ ಫೋನ್ ಮಾಡುತ್ತಿದ್ದರು. ಅವಳು ಎತ್ತುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, "ಬಿದ್ದೋದ್ ಆಟ ಅದು ಅತ್ಗೆ. ಯಾಕ್ ಬುಡಿ," ಅನ್ನುತ್ತಿದ್ದಳು. ಕೊನೆಗೆ ಆ ಸದ್ದು ತಡೆಯಲಾರದೆ ಅತ್ತೆ ಫೋನನ್ನು ಒಯ್ದು ರಾಗಿ ಡ್ರಮ್ಮಿನೊಳಗೆ ಹೂತಿಟ್ಟರು. ರಾಗಿ ಅಳೆಯಲು ಹೋದಾಗಲೆಲ್ಲ ಡ್ರಮ್ಮು ನನ್ನ ಕೈ ಕೆಳಗೆ ಗುರ್ ಅನ್ನುತ್ತಿತ್ತು.

ಹಾಗಿರುವಾಗ ಮತ್ತೊಂದು ಲೋಡು ಬಂತು. ಗೌರಿ ಲಾರಿಯ ಮೇಲೆ, ಮಾವ ಕೆಳಗೆ, ಮನೋಹರ ಗಡಿಯಾರ ನೋಡುತ್ತಾ. ಎಸೆತ ಸರಾಗವಾಗಿ ಸಾಗಿತ್ತು. ಅರ್ಧ ಮುಗಿದಿರಬೇಕು, ಅವಳ ಮನಸ್ಸು ಎಲ್ಲಿತ್ತೋ, ಒಂದು ಕೋಸು ಅವಳ ಕೈ ತಪ್ಪಿ ಕೆಳಗೆ ಬಿತ್ತು. ಕಣ್ಣು ಮೇಲಕ್ಕೆ ಹೋಗಲಿಲ್ಲ. ಧುಮುಕಿದಳು, ಕೋಸನ್ನು ಎತ್ತಿ ಕೈ ಹಿಂದಕ್ಕೆ ಬೀಸಿದಳು, ಅಲ್ಲೇ ನಿಂತುಬಿಟ್ಟಳು. ಎಲ್ಲಿಗೆ ಎಸೆಯಬೇಕು? ಅಲ್ಲಿ ಯಾವ ಮೂಲೆಯೂ ಇರಲಿಲ್ಲ, ಯಾವ ಹುಡುಗಿಯೂ ಗ್ಲೌಸು ಚಾಚಿ ಕುಳಿತಿರಲಿಲ್ಲ. ಅಷ್ಟರಲ್ಲಿ ಮಾವ ಆಗಲೇ ಎಸೆದಿದ್ದ ಮುಂದಿನದು ಯಾರೂ ಇಲ್ಲದ ಲಾರಿಯ ಮೇಲೆ ಧಬ್ ಅಂತ ಬಿತ್ತು.

ಹೆಂಗಸರು ನಕ್ಕರು. ಗೌರಿಯೂ ನಗಲು ನೋಡಿದಳು, ಆಗಲಿಲ್ಲ. ಆ ಕೋಸನ್ನು ಎದೆಗೆ ಹಿಡಿದುಕೊಂಡು ಅಳತೊಡಗಿದಳು. ಇಷ್ಟು ದಿನ ಬಾರದ ಅಳು ಹೊಲದ ನಡುವೆ, ಎಲ್ಲರ ಎದುರಿಗೆ ಬಂತು. ನಾನು ಕುಡುಗೋಲು ಬಿಸಾಕಿ ಎದ್ದೆ. ನನಗಿಂತ ಮೊದಲು ಮಾವ ಅವಳ ಹತ್ತಿರ ಹೋಗಿದ್ದರು.

"ಚಾಳಿ ಕಣಪ್ಪ," ಅಂದಳು ಗೌರಿ. "ಇನ್ ಎತ್ತಿ ಏನಾಗ್ಬೇಕು. ಅಸಿಗ್ ಆಕ್ತೀನಿ ಕೊಡಿ ದಾರಿ."

ಮಾವ ದಾರಿ ಕೊಡಲಿಲ್ಲ. ಅವಳ ಕೈಯಿಂದ ಕೋಸು ತೆಗೆದುಕೊಂಡರು. ಸುತ್ತಲೂ ತಿರುಗಿಸಿ ನೋಡಿದರು, ಬಿದ್ದ ಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿದರು, ಮಣ್ಣು ಮೆತ್ತಿದ್ದ ಒಂದು ಎಲೆಯನ್ನು ಸುಲಿದು ಬಿಸಾಕಿದರು. ಆಮೇಲೆ ನಡೆದು ಹೋಗಿ, ಲಾರಿಯ ಪಟ್ಟಿಯ ಮೇಲಿಂದ ಕೈ ಚಾಚಿ, ಬೇರೆ ಕೋಸುಗಳ ನಡುವೆ ಅದನ್ನು ಇಟ್ಟರು. ಸಿದ್ದಯ್ಯಣ್ಣ ಬಾಯಿ ತೆರೆದವರು ಮುಚ್ಚಲಿಲ್ಲ. ಪುಟ್ಟಬಸಪ್ಪನ ಲೋಡಿನಲ್ಲಿ ಬಿದ್ದ ಕೋಸು ಮೆಟ್ಟುಪಾಳ್ಯಕ್ಕೆ ಹೋಗುವುದನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ.

"ಬಿದ್ದದೆ ಅಷ್ಟೇಯ," ಅಂದರು ಮಾವ, ಮಗಳ ಕಡೆ ನೋಡದೆ, ಕೈಯ ಮಣ್ಣು ಒರೆಸಿಕೊಳ್ಳುತ್ತಾ. "ಕೆಟ್ಟಿಲ್ಲ ಕಣ್ಮಗ."

ಎಸೆತ ನಿಂತೇ ಇತ್ತು. ಮನೋಹರ ಕೂಡ ಗೇಟಿನ ಮಾತೆತ್ತಲಿಲ್ಲ. ಗೌರಿ ಸೆರಗಿನಂತೆ ಹೊದ್ದಿದ್ದ ಟವಲಿನಲ್ಲಿ ಮುಖ ಒರೆಸಿಕೊಂಡಳು, ಲಾರಿಯ ಪಟ್ಟಿಗೆ ಕಾಲು ಕೊಟ್ಟು ಮೇಲೆ ಹತ್ತಿದಳು, ಕೈ ಚಾಚುವ ಮೊದಲು ನನ್ನ ಕಡೆ ತಿರುಗಿದಳು.

"ಅತ್ಗೆ," ಅಂದಳು, "ನನ್ ಫೋನು ಇನ್ನೂ ರಾಗಿ ಒಳ್ಗೇ ಅದಾ?"